ಅರ್ಧ ಇಂಚು

ಬೆಳಿಗ್ಗೆ ಎಂಟಕ್ಕೇ ಅಮರೇಶನ ಟೆಂಪೋ ಸರಸ್ವತಿಪುರಂನ ಮೇಷ್ಟ್ರ ಮನೆ ಮುಂದೆ ಬಂದು ನಿಂತಿತು. ಅದರ ತುಂಬ ಒಂದೇ ಒಂದು ಹೊಚ್ಚಹೊಸ ತೇಗದ ಊಟದ ಮೇಜು. ಅಂದು ರುದ್ರಸ್ವಾಮಿ ಮೇಷ್ಟ್ರ ಮೊದಲ ವರ್ಷದ ಪುಣ್ಯಸ್ಮರಣೆ. ಐಟಿಐಯಲ್ಲಿ ಅವರ ಕೈಕೆಳಗೆ ಮರಗೆಲಸ ಕಲಿತವರೆಲ್ಲ ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ಅಡುಗೆಮನೆಯ ಹಳೇ ಮೇಜನ್ನು ಸದ್ದಿಲ್ಲದೆ ಸಾಗಿಸಿಬಿಡಬೇಕು ಎಂಬುದು ಅವನ ಹಂಚಿಕೆ.

ಯಾಕೆಂದರೆ ಆ ಹಳೇ ಮೇಜು ಅವನದೇ ಕೈಕೆಲಸ. ಇಪ್ಪತ್ತೆಂಟು ವರ್ಷದ ಹಿಂದೆ ಪರೀಕ್ಷೆಗೆಂದು ಮಾಡಿದ್ದು. ಒಂದು ಕಾಲು ಅರ್ಧ ಇಂಚು ಮೋಟು. ಪರೀಕ್ಷಕರು ಒಂದು ಬೆರಳಿಟ್ಟು ಒತ್ತಿದ್ದೇ ತಡ, ಮೇಜು ಟಕಟಕ ಎಂದಿತು, ಅಮರೇಶ ಫೇಲಾದ. ಸೌದೆ ಆಗಬೇಕಿದ್ದ ಅದನ್ನು ಮೇಷ್ಟ್ರು ಮನೆಗೆ ತಂದಿಟ್ಟುಕೊಂಡರು. ಮರುವರ್ಷ ಅವನು ಪಾಸಾದ, ಬನ್ನಿಮಂಟಪದಲ್ಲಿ ಸ್ವಂತ ಫರ್ನಿಚರ್ ಅಂಗಡಿ ಇಟ್ಟ, ಹತ್ತು ಜನಕ್ಕೆ ಕೆಲಸ ಕೊಟ್ಟ. ಆದರೆ ಈ ಮನೆಗೆ ಬಂದಾಗಲೆಲ್ಲ ಹಜಾರ ದಾಟಿದವನಲ್ಲ. ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಅಂತ ಒಂದು ನೆವ. ಆ ಮೇಜಿಗೆ ಮುಖ ತೋರಿಸಲು ಅಷ್ಟು ನಾಚಿಕೆ, ಪಾಪ.

"ಏನಪ್ಪಾ, ಈ ವರ್ಷವಾದ್ರೂ ಹೊಟ್ಟೆ ಸರಿಹೋಯ್ತಾ?" ಎನ್ನುತ್ತ ಮೇಷ್ಟ್ರ ಹೆಂಡತಿ ದಾಕ್ಷಾಯಣಮ್ಮ ಒಬ್ಬಟ್ಟಿನ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದರು.

"ಅಮ್ಮಾ, ಹೊಸ ಮೇಜು ತಂದಿದೀನಿ. ಹಳೇದು ನನಗೆ ಕೊಟ್ಬುಡಿ. ಎಲ್ರೂ ಬರೋ ದಿನ, ನನ್ನ ಮಾನ ಉಳೀಲಿ."

"ಅದಕ್ಕೇನಾಗಿದೆ ಕಣೋ, ಗುಂಡುಕಲ್ಲಿನಂಗಿದೆ. ಅವರು ನನಗೆ ಅವರೆಕಾಯಿ ಸುಲಿದುಕೊಟ್ಟಿದ್ದು, ಮಗಳಿಗೆ ಜಡೆ ಹೆಣೆದು ಪಾಠ ಹೇಳಿಕೊಟ್ಟಿದ್ದು, ಎಲ್ಲಾ ಅಲ್ಲೇ ಕೂತು. ಲಕ್ಷ್ಮೀಪುರಂನಲ್ಲಿ ಯಾರ ಮನೆ ಬಾಗಿಲು ಕೂರಿಸ್ತಿದ್ರೂ ರಾತ್ರಿ ಊಟಕ್ಕೆ ಮಾತ್ರ ಅಲ್ಲಿಗೇ ಬರೋರು."

ಅಮರೇಶ ಕೇಳಬೇಕಲ್ಲ. ಅಂಗಲಾಚಿದ, ಗೋಗರೆದ. "ನಿನ್ನಿಷ್ಟ, ಏನಾದ್ರೂ ಮಾಡ್ಕೊ" ಎಂದು ಅವರು ಒಲೆಯ ಕಡೆ ತಿರುಗಿದ್ದೇ ಸಾಕಾಯಿತು. ಅವನೂ ಟೆಂಪೋ ಓಡಿಸುವ ಮೋಹನನೂ ಸೇರಿ ಹಳೆಯದನ್ನು ಹಿತ್ತಿಲಿಗೆ ಸಾಗಿಸಿದರು, ಅದೇ ಜಾಗದಲ್ಲಿ ಹೊಸದನ್ನು ಇಟ್ಟರು. ಅಮರೇಶ ಗತ್ತಿನಿಂದ ಒಂದು ಬೆರಳಿಟ್ಟು ಒತ್ತಿದ.

ಟಕಟಕ.

"ಸಾರ್, ಇದೂ ಕುಂಟುತ್ತಲ್ಲ" ಎಂದ ಮೋಹನ, ನಗು ತಡೆದುಕೊಂಡು.

ಅಮರೇಶನಿಗೆ ಬೆವರು ಕಿತ್ತುಕೊಂಡಿತು. ಇಷ್ಟು ವರ್ಷದ ಅನುಭವ, ಅಷ್ಟು ದೊಡ್ಡ ಬೋರ್ಡು, ಮತ್ತೆ ಅದೇ ತಪ್ಪೇ? ನಾಲ್ಕೂ ಕಾಲುಗಳಿಗೆ ಟೇಪು ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಟೆಂಪೋದಿಂದ ರಸಮಟ್ಟ ತರಿಸಿ ನೆಲದ ಮೇಲಿಟ್ಟ. ಅದರೊಳಗಿನ ಗುಳ್ಳೆ ಓಡಿ ಒಂದು ಪಕ್ಕಕ್ಕೆ ಕೂತಿತು. ಬಗ್ಗಿ ನೋಡಿದರೆ, ಹಳೇ ಮೇಜಿನ ಮೋಟು ಕಾಲು ಊರುತ್ತಿದ್ದ ಕಡೆ ಕೆಂಪು ಗಾರೆಯ ನೆಲ ಅಂಗೈ ಅಗಲ ಉಬ್ಬಿಕೊಂಡಿತ್ತು. ಅಳೆದ. ಸರಿಯಾಗಿ ಅರ್ಧ ಇಂಚು.

"ಅಮ್ಮಾ, ಯಾವ ತಲೆಕೆಟ್ಟೋನು ಈ ಗಾರೆ ಹಾಕಿದ್ದು?"

"ನೋಡ್ಕೊಂಡು ಮಾತಾಡು. ನಿಮ್ಮ ಮೇಷ್ಟ್ರೇ ನಿಂತು ಹಾಕಿಸಿದ್ದು." ದಾಕ್ಷಾಯಣಮ್ಮ ಲಟ್ಟಣಿಗೆ ಕೆಳಗಿಟ್ಟರು. "ಗಾರೆಯವನು ಆಗಲ್ಲ ಅಂತ ಎದ್ದು ಹೊರಟಿದ್ದ. ನಾನೂ ಜಗಳ ಆಡ್ದೆ. ಮಿಕ್ಕ ಮೂರು ಕಾಲು ಚೂರು ಕುಯ್ದ್ರೆ ಮುಗೀತಲ್ಲ, ನೀವು ಬಡಗಿ ತಾನೇ ಅಂದೆ. 'ಹುಡುಗ ಮೂರು ವಾರ ಊಟ ನಿದ್ದೆ ಬಿಟ್ಟು ಮಾಡಿದಾನೆ, ಅದರ ಮೇಲೆ ನನ್ನ ಗರಗಸ ಆಡಲ್ಲ ಕಣೇ. ಬೇಕಿದ್ರೆ ನೆಲ ಎತ್ತರಿಸೋಣ' ಅಂದ್ರು."

ಅಮರೇಶ ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಕೂತ. ಅಳು ಬಂತು. ಗಾರೆಯವನ ಜೊತೆ ವಾದಕ್ಕೆ ನಿಂತ ಮೇಷ್ಟ್ರನ್ನು ನೆನೆದರೆ ನಗುವೂ ಬಂತು. ಎರಡೂ ಒಟ್ಟೊಟ್ಟಿಗೆ ಬಂದು ಮೂಗು ಸೋರತೊಡಗಿತು. ಮೋಹನನಿಗೆ ಏನು ತೋಚಿತೋ, ಹೇಳಿಸಿಕೊಳ್ಳದೆಯೇ ಹಿತ್ತಿಲಿಗೆ ಹೋಗಿ ಹಳೇ ಮೇಜಿನ ಒಂದು ಕಡೆ ಹಿಡಿದು ನಿಂತ.

ಮಧ್ಯಾಹ್ನ ಬಂದವರೆಲ್ಲ ತಲೆ ನರೆತ ಮರಗೆಲಸದವರು. ಅಮರೇಶ ಒಬ್ಬೊಬ್ಬರನ್ನೂ ಕೈಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ನಾನು ಫೇಲಾದ ಮೇಜು ಇದೇ ಕಣ್ರೋ, ಕೆಳಗೆ ಬಗ್ಗಿ ನೋಡಿ" ಎಂದು ತೋರಿಸತೊಡಗಿದ. ಬಗ್ಗಿದವರು ಬೇಗ ಏಳುತ್ತಿರಲಿಲ್ಲ. ಮಂಡಿಯೂರಿ, ಆ ಉಬ್ಬನ್ನು ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು.

"ಫೋಟೋಗೆ ಹಾರ ಹಾಕಿ ಹಜಾರದಲ್ಲಿ ಇಟ್ಟಿದೀನಿ ಕಣ್ರಪ್ಪಾ" ಎಂದರು ದಾಕ್ಷಾಯಣಮ್ಮ, ಬಾಳೆಎಲೆಗಳನ್ನು ಎದೆಗೊತ್ತಿಕೊಂಡು. "ಎಲ್ರೂ ಇಲ್ಲೇ ಅಡ್ಡಬಿದ್ರೆ ನಾನು ಎಲೆ ಹಾಕೋದು ಎಲ್ಲಿ?"