ನಾಲಗೆ ಕಟ್ಟಿದ ಗಂಟೆ

ಸಾವಿತ್ರಿ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ದಾರ ಬಿಗಿದಳು. ಅಲ್ಲಾಡಿಸಿ ನೋಡಿದಳು. ಸದ್ದಿಲ್ಲ. ಮುಂಬಾಗಿಲಿನ ಚಿಲಕವನ್ನು ಇನ್ನೊಮ್ಮೆ ನೋಡಿ ಬಂದಳು. ಸ್ವಂತ ಮನೆಯಲ್ಲಿ ಸತ್ಯನಾರಾಯಣನ ಪೂಜೆ ಮಾಡಲು ಕಳ್ಳತನಕ್ಕೆ ಹೊರಟವರ ಹಾಗೆ ಇಷ್ಟೊಂದು ತಯಾರಿ!

ಕಾರಣ ಎದುರು ಮನೆಯಲ್ಲಿತ್ತು. ಅಲ್ಲಿ ಜಲಜಾ ಇದ್ದಳು. ಅವಳ ಗಂಡ ಬಾಲಚಂದ್ರ ಎರಡು ಸಾವಿರದ ಮೂರರ ಆ ಬೇಸಿಗೆಯಲ್ಲಿ ಕಾರ್ಖಾನೆಯ ಗ್ಯಾಸ್ ಸೋರಿಕೆಗೆ ಸಿಕ್ಕಿ ತೀರಿಕೊಂಡಿದ್ದ. ಆ ರಾತ್ರಿಯ ಪಾಳಿ ಅವನದಲ್ಲ, ಸಾವಿತ್ರಿಯ ಗಂಡ ಭೀಮಸೇನನದು.

ಗುಜರಾತಿನ ಹಜೀರಾದ ಆ ಕಾರ್ಖಾನೆ ಕಾಲೊನಿಯಲ್ಲಿ ಕನ್ನಡದವರೆಂದರೆ ಇವೆರಡೇ ಮನೆ, ಎರಡೂ ಧಾರವಾಡದ ಕಡೆಯವು. ಒಂದು ಮನೆಯ ಸಾರು ಇನ್ನೊಂದಕ್ಕೆ ಹೋಗದ ದಿನವಿರಲಿಲ್ಲ. ಹೆಂಗಸರಿಬ್ಬರ ಸ್ವಭಾವ ಮಾತ್ರ ಬೇರೆ. ಕ್ಲಬ್ಬಿನಲ್ಲಿ ಕಂಪನಿಯವರು ಸುರಕ್ಷತೆಯ ಪಾಠ ಇಟ್ಟರೆ ಜಲಜಾ ಮುಂದಿನ ಸಾಲಿನಲ್ಲಿ ಹೋಗಿ ಕೂರುವವಳು. ಸಾವಿತ್ರಿ ಮಡಿಯ ನೆಪ ಹೇಳಿ ತಪ್ಪಿಸಿಕೊಳ್ಳುವವಳು.

ಈಗ ಮೆಟ್ಟಿಲ ಮೇಲೆ ಜಲಜಾಳ ಚಪ್ಪಲಿ ಸದ್ದು ಕೇಳಿದರೆ ಸಾವಿತ್ರಿ ಬಾಗಿಲ ಹಿಂದೆಯೇ ನಿಂತುಬಿಡುತ್ತಿದ್ದಳು. ಎದುರಾದರೆ ತಾಳಿಯನ್ನು ಸೆರಗಿನಡಿ ಮುಚ್ಚಿಕೊಳ್ಳುತ್ತಿದ್ದಳು. ತಾನೇನೂ ತಪ್ಪು ಮಾಡಿಲ್ಲವೆಂದು ಗೊತ್ತಿದ್ದರೂ ಅವಳಿಗೆ ಮುಖ ತೋರಿಸಲಾಗುತ್ತಿರಲಿಲ್ಲ.

ಆದರೂ ಹರಕೆ ಹರಕೆಯೇ. ಆ ರಾತ್ರಿ ಊಟ ಮುಗಿದ ಮೇಲೆ ಸೈರನ್ ಕೂಗಿತ್ತು. ಗಾಳಿ ಸಮುದ್ರದ ಕಡೆ ಬೀಸಿ ಕಾಲೊನಿ ಉಳಿಯಿತು. ಮಂಚದ ಮೇಲಿದ್ದ ಗಂಡನನ್ನು ನೋಡಿ ಸಾವಿತ್ರಿ ನಿಂತಲ್ಲೇ ಕೈಮುಗಿದಿದ್ದಳು. "ಇವರನ್ನ ಉಳಿಸಿದಿ ತಂದೆ. ಶ್ರಾವಣದಾಗ ನಿನ್ನ ಪೂಜಾ ಮಾಡಸ್ತೀನಿ."

ಭೀಮಸೇನನಿಗೆ ಈ ಪೂಜೆ ಬೇಡವಾಗಿತ್ತು.

"ದೇವರು ಸರಿಯಾದ ಹೊತ್ತಿಗೆ ಜ್ವರಾ ಕೊಟ್ಟು ನಿಮ್ಮನ್ನ ಮನ್ಯಾಗ ಮಲಗಿಸ್ಯಾನ. ಅವನ ಋಣಾ ತೀರಸೋದು ಬ್ಯಾಡೇನು?" ಎಂದು ಸಾವಿತ್ರಿ ಕೇಳಿದ್ದಕ್ಕೆ ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದಿದ್ದ.

ಸೋರಿಕೆಯಾದ ದಿನ ಬೆಳಗ್ಗೆ, ಹಿಂದಿನ ರಾತ್ರಿಯ ಪಾಳಿ ಮುಗಿಸಿ ಬಂದಾಗಲೇ ಅವನ ಮುಖ ಕಪ್ಪಿಟ್ಟಿತ್ತು. ಮಧ್ಯಾಹ್ನ ಥರ್ಮಾಮೀಟರಿನಲ್ಲಿ ನೂರಾ ಮೂರು. ಸಾವಿತ್ರಿ ಕಣ್ಣಾರೆ ನೋಡಿದ್ದಳು. ಮಾಡಿಕೊಟ್ಟ ಬಿಸಿ ಚಹಾ ಕುಡಿಯದೆ ಮಂಚದ ಪಕ್ಕ ಹಾಗೇ ಇತ್ತು. ಸಂಜೆಗೆ ಮನೆಯ ಟವೆಲ್ಲನ್ನೆಲ್ಲ ನೀರಲ್ಲಿ ಅದ್ದಿ ಅದ್ದಿ ಅವಳ ಬೆರಳು ಬಿಳಿಚಿಕೊಂಡಿದ್ದವು.

ಪಾಳಿಗೆ ಹೊರಡುವ ಮುಂಚೆ ಬಾಲಚಂದ್ರ ಬಂದು ಗೆಳೆಯನ ಹಣೆ ಮುಟ್ಟಿದ್ದ. "ಹಣಿ ತಣ್ಣಗದಲ್ಲೋ ಭೀಮ್ಯಾ! ಇರಲಿ, ನೀ ಮಲಕೋ. ನಿನ್ನ ಪಾಳಿ ನಾ ಮಾಡ್ತೀನಿ."

ಭೀಮಸೇನ ಗೋಡೆಯ ಕಡೆ ಹೊರಳಿದ್ದ.

ಪೂಜೆಗೆ ಭಟ್ಟರನ್ನು ಕರೆಯಲಿಲ್ಲ. ಕರೆದರೆ ಕಾಲೊನಿಗೆಲ್ಲ ಸುದ್ದಿ. ಭೀಮಸೇನನೇ ಪುಸ್ತಕ ಹಿಡಿದು ಕೂತ. ಸಂಕಲ್ಪದಲ್ಲಿ ಗೋತ್ರ ಹೇಳಿದ. ತನ್ನ ಹೆಸರು ಹೇಳಬೇಕಾದಲ್ಲಿ ನಿಲ್ಲಿಸಿ ಪುಟ ಹಿಂದೆ ಮುಂದೆ ತಿರುವಿದ. ಗೆಳೆಯನ ನೆನಪಾಗಿರಬೇಕು ಎಂದುಕೊಂಡು ಸಾವಿತ್ರಿಯೂ ಕಣ್ಣೊರೆಸಿಕೊಂಡಳು. ಆರತಿಯ ಹೊತ್ತಿಗೆ ಗಂಟೆ ಸದ್ದಿಲ್ಲದೆ ಅಲ್ಲಾಡಿತು.

ಆಗ ಯಾರೋ ಬಾಗಿಲು ಬಡಿದರು.

"ಅಕ್ಕಾ, ನಾನು ಜಲಜಾ."

ತೆರೆಯದೆ ವಿಧಿಯಿರಲಿಲ್ಲ. ಜಲಜಾಳ ಕೈಯಲ್ಲಿ ಒಂದು ಡಬ್ಬಿ. "ಕ್ವಾರ್ಟರ್ಸ್ ಖಾಲಿ ಮಾಡಿದೆ. ಸಂಜೀ ಗಾಡಿಗೆ ಊರಿಗೆ ಹೊಂಟೀನಿ. ಈ ಡಬ್ಬಿ ನಿಮ್ಮದು, ನಮ್ಮಲ್ಲೇ ಉಳಿದಿತ್ತು." ಅವಳ ಕಣ್ಣು ಮಂಟಪದ ಮೇಲೆ, ಆಮೇಲೆ ಗಂಟೆಯ ಮೇಲೆ ಬಿತ್ತು. "ಗಂಟಿ ಬಾಯಿ ಕಟ್ಟಿದ್ರೇನಾತು ಅಕ್ಕಾ? ರವಾ ಹುರಿದ ತುಪ್ಪದ ವಾಸನಿ ನಮ್ಮ ಮನಿತನಕ ಬಂದದ."

ಸಾವಿತ್ರಿಯ ಕೈ ರೂಢಿಯಂತೆ ಕುಂಕುಮದ ಬಟ್ಟಲಿಗೆ ಹೋಗಿ ಅಲ್ಲೇ ನಿಂತಿತು. ಜಲಜಾ ಅದನ್ನು ನೋಡಿದಳು. ಸಾವಿತ್ರಿಗೆ ತಡೆಯಲಾಗಲಿಲ್ಲ, ಬಿಕ್ಕಿಬಿಕ್ಕಿ ಅತ್ತಳು.

"ನನ್ನ ಬೈಯವಾ. ನಿನ್ನ ಮನಿ ದೀಪಾ ಆರ್ಯದ, ನಾ ಇಲ್ಲಿ ಆರತಿ ಮಾಡಲಿಕ್ಕತ್ತೀನಿ. ಯಾವ ಮುಖಾ ಇಟ್ಕೊಂಡು ನಿನ್ನ ಕರೀಲಿ?"

"ಜ್ವರಾ ಬಂದ್ರ ಯಾರೇನು ಮಾಡಬೇಕು? ಭೀಮಣ್ಣಂದೇನು ತಪ್ಪು?" ಎಂದಳು ಜಲಜಾ. ಅಂಗೈ ಚಾಚಿದಳು. "ಕೊಡ್ರಿ. ಪ್ರಸಾದ ಒಲ್ಲೆ ಅನಬಾರದು."

ಸಾವಿತ್ರಿಯ ಎದೆಯ ಮೇಲಿನ ಕಲ್ಲು ಇಳಿಯಿತು. ಪ್ರಸಾದ ಹಾಕಿದಳು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಗೆಳತಿಯ ಮನಸ್ಸಿನಲ್ಲಿ ಎಳ್ಳಷ್ಟೂ ಅನುಮಾನ ಉಳಿಯಬಾರದೆಂದು ಅವಳಿಗೆ ಆಸೆ.

"ಸಾವಿತ್ರೀ, ಸಾಕು ಬಿಡು," ಎಂದ ಭೀಮಸೇನ.

"ಹೇಳ್ತೀನಿ ಬಿಡ್ರಿ. ಎಂಥಾ ಜ್ವರಾ ಅಂತೀ ಜಲಜಾ! ಮೈ ಸುಡತದ, ಹೊರಗಿನ ಧಗಿ ಒಳಗ ಬರಬಾರದು, ಕಿಟಕಿ ಎಲ್ಲಾ ಹಾಕು ಅಂದ್ರು. ದೇವರಿಗೆ ದೀಪಾ ಹಚ್ಚೋ ಹೊತ್ತದು. ನಾ ಟವೆಲ್ ತೋಯಿಸಿ ತೋಯಿಸಿ ಕೊಟ್ಟೆ. ಅಂಥಾ ಜ್ವರದಾಗ ತಾವೇ ಎದ್ದು ಕಿಟಕಿ ಸಂದಿಗೆ, ಬಾಗಲ ಸಂದಿಗೆ ತುರುಕಿದ್ರು. ತಂಪಿರ್ತದಂತ."

ಬಾಯಿಯ ಹತ್ತಿರ ಹೋಗಿದ್ದ ಜಲಜಾಳ ಕೈ ನಿಂತಿತು. ಪ್ರಸಾದವನ್ನು ಮೆಲ್ಲಗೆ ತಟ್ಟೆಗೆ ಮರಳಿ ಹಾಕಿದಳು. ಭೀಮಸೇನ ಪುಸ್ತಕದಿಂದ ತಲೆ ಎತ್ತಲಿಲ್ಲ.

"ಗ್ಯಾಸ್ ಸೋರಿದ್ರ ಹಂಗ ಮಾಡ್ರಿ ಅಂತ ನಮಗ ಕ್ಲಬ್ಬಿನಾಗ ಕಲಿಸ್ಯಾರ, ಭೀಮಣ್ಣ. ಆದ್ರ ಸೈರನ್ ಆಗೋಕಿಂತ ಮೊದಲ ನಿಮಗ ಹೆಂಗ ಗೊತ್ತಾತು?"