ಗೋಡೆಯಾಚೆಗಿನ ಮನೆ

"ಇದೋ ನಮ್ಮನೆ!" ಎಂದು ಫ್ಲಾವಿಯೋ ಕಿರುಚಿದ. ಅವನ ಕೈಯ ಲೇಸರ್ ಕಡ್ಡಿಯ ಕೆಂಪು ಚುಕ್ಕೆ, ಕಟಕಟೆಯ ಕೆಳಗೆ ಹರಡಿದ್ದ ಪ್ರಾಚೀನ ರೋಮ್ ನಗರದ ಮಾದರಿಯ ಮೇಲೆ ಕುಣಿಯುತ್ತಿತ್ತು. "ಟೆಸ್ಟಾಚ್ಚೋ! ಏಳು ತಲೆಮಾರಿಂದ ಅಲ್ಲೇ ಇದೀವಿ."

"ಆಗ ಅದು ಒಡೆದ ಎಣ್ಣೆ ಗಡಿಗೆ ಸುರಿಯೋ ತಿಪ್ಪೆ ಕಣಪ್ಪ," ಎಂದಳು ಮ್ಯೂಸಿಯಂ ಕಾಯುವ ಎರ್ಸಿಲಿಯಾ. ತರಗತಿಯೆಲ್ಲ ಗೊಳ್ಳೆಂದಿತು.

ಇಲ್ಲಿಗೆ ಬರುವ ರೋಮಿನವರಿಗೆ ಚಕ್ರವರ್ತಿಗಳ ಪ್ರತಿಮೆಗಳ ಮೂಗುಮುಖವೆಲ್ಲ ಆಮೇಲೆ. ಮೊದಲು ಕಟಕಟೆಗೆ ಜೋತುಬಿದ್ದು ಆ ಹಳೆಯ ಊರಿನಲ್ಲಿ ತಮ್ಮ ಮನೆಯ ಜಾಗ ಹುಡುಕಬೇಕು. ಶಾಲಾಮಕ್ಕಳು ಬಂದರಂತೂ ಎರ್ಸಿಲಿಯಾ ಕಡ್ಡಿಯನ್ನು ಕೈಯಿಂದ ಕೈಗೆ ದಾಟಿಸುತ್ತಾಳೆ. ಪ್ರತಿಯೊಬ್ಬರೂ ಚುಕ್ಕೆಯಿಟ್ಟು "ಇದು ನಮ್ಮನೆ" ಅನ್ನಲೇಬೇಕು.

ಕಡ್ಡಿ ಹತ್ತಿರ ಬಂದಷ್ಟೂ ನಫೀಸಾ ಪಕ್ಕದವರ ಹಿಂದಕ್ಕೆ ಸರಿಯುತ್ತಿದ್ದಳು. ಅವಳೂ ರೋಮಿನಲ್ಲೇ ಹುಟ್ಟಿದವಳು. ಆದರೆ ಅಪ್ಪ ಅಮ್ಮ ಢಾಕಾದಿಂದ ಬಂದವರು. ಅಪ್ಪನ ಹಣ್ಣಿನಂಗಡಿ ಶಾಲೆಯ ಪಕ್ಕದಲ್ಲಿದ್ದುದರಿಂದ ಅವಳೊಬ್ಬಳೇ ಅಷ್ಟು ದೂರದ ಹೊರಬಡಾವಣೆ ಟೋರ್ಪಿನ್ಯತ್ತಾರಾದಿಂದ ಬರುತ್ತಿದ್ದಳು. ಈ ಮಾದರಿಯೋ, ಕೋಟೆಗೋಡೆ ದಾಟಿ ಎರಡು ಗೇಣಿಗೇ ಮುಗಿದುಹೋಗಿತ್ತು.

"ನಿಮ್ಮನೆ ಇಲ್ಲೆಲ್ಲಿರುತ್ತೆ? ಢಾಕಾದ ಮ್ಯೂಸಿಯಂನಲ್ಲಿ ಹುಡುಕ್ಕೋ ಹೋಗೇ," ಎಂದ ಫ್ಲಾವಿಯೋ.

ಯಾರೂ ನಗಲಿಲ್ಲ. ಅಂದದ್ದು ಅತಿಯಾಯಿತೆಂದು ಅವನಿಗೂ ಅನಿಸಿರಬೇಕು, ಕಿವಿ ಕೆಂಪಾದವು. ನಫೀಸಾಳಿಗೆ ಅಳು ಒತ್ತರಿಸಿ ಬಂತು. ಅಳಬಾರದೆಂದು ಕಣ್ಣು ಕಿರಿದು ಮಾಡಿ ಮಾದರಿಯನ್ನೇ ದಿಟ್ಟಿಸಿದಳು. ಗೋಡೆಯ ಬಳಿ ಸಾಲು ಕಮಾನುಗಳು ಕಂಡವು. ನೀರು ತರುವ ಕಾಲುವೆಯ ಕಮಾನುಗಳು. ಅಯ್ಯೋ, ಇವು ಗೊತ್ತಿರುವವೇ! ದಿನಾ ಸಂಜೆ ಅವಳ ಬೀದಿಯ ಮಕ್ಕಳೆಲ್ಲ ಚೆಂಡಾಡುವುದು ಇವುಗಳ ಕೆಳಗೇ ಅಲ್ಲವೇ?

ಅವಳು ಕಡ್ಡಿ ತೆಗೆದುಕೊಂಡಳು. ಕೆಂಪು ಚುಕ್ಕೆ ಕಮಾನುಗಳ ಮೇಲೆ ಹರಿಯುತ್ತ ಮಾದರಿಯ ಅಂಚಿಗೆ ಬಂತು. ಅಲ್ಲಿಂದ ಕೆಳಗಿಳಿದು ಬರಿ ನೆಲದ ಮೇಲೆ ನಿಂತಿತು.

"ಇದು ನಮ್ಮನೆ," ಎಂದಳು.

"ನೆಲದ ಮೇಲಾ?" ಎಂದ ಫ್ಲಾವಿಯೋ.

"ಹ್ಞೂಂ. ಈ ಕಮಾನು ನಮ್ಮ ಬೀದೀಲೂ ಇವೆ. ನಿಮ್ಮೂರಿಗೆ ನೀರು ಬರ್ತಿದ್ದಿದ್ದು ನಮ್ಮ ಬೀದಿ ಮೇಲೆ. ನಾವು ತಡೆದಿದ್ರೆ ನಿಮ್ಮ ಚಕ್ರವರ್ತಿಗೆ ಸ್ನಾನವೂ ಇರ್ತಿರ್ಲಿಲ್ಲ."

ಎರ್ಸಿಲಿಯಾ ಕಟಕಟೆ ಕುಟ್ಟಿ ನಕ್ಕಳು. "ನಮ್ಮನೆಯೂ ಗೋಡೆ ಆಚೆಗೇ ಕಣೇ ಕೂಸೇ! ಇಷ್ಟು ವರ್ಷ ಊರೋರ ಮನೆಯೆಲ್ಲ ತೋರಿಸಿದೆ, ನನ್ನದು ತೋರಿಸಬೇಕು ಅಂತ ಹೊಳೀಲೇ ಇಲ್ಲ. ಕೊಡಿಲ್ಲಿ ಕಡ್ಡಿ," ಎಂದು ಕಸಿದುಕೊಂಡು, ನೆಲದ ಇನ್ನೊಂದು ಮೂಲೆಗೆ ಚುಕ್ಕೆ ಬಿಟ್ಟಳು.

ಹೊರಡುವಾಗ ಫ್ಲಾವಿಯೋ ಅವಳ ಹಿಂದಿನಿಂದ ಬಂದ.

"ಭಾನುವಾರ ಬರ್ಲಾ? ಕಮಾನು ನೋಡಕ್ಕೆ."

ನಫೀಸಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಾ. ಚೆಂಡು ನೀನು ತರಬೇಕು. ಗೋಲುಕಂಬ ಸಾವಿರದೆಂಟುನೂರು ವರ್ಷದಿಂದ ನಮ್ಮಲ್ಲೇ ನಿಂತಿದೆ."