ಜೋಡಿ ಕನಸು

ಬೆಳಗಿನ ಚಹಾ ಕೈಗೆ ಬರುವ ಮೊದಲೇ ಭದ್ರತಾ ಅಧಿಕಾರಿ ಪೊನ್ನಪ್ಪ ಎಂದಿನಂತೆ ಕೇಳಿದರು: "ರಾತ್ರಿ ಏನ್ ಕಂಡ್ರಿ ಮೇಡಂ?"

"ಅಲ್ಲಿ ಹಿಮ ಬೀಳ್ತಿದೆ. ಯಾನೆಕ್ ಮಗಳಿಗೆ ಸ್ವೆಟರ್ ಹಾಕ್ತಿದ್ರು," ಎಂದಳು ವಿಜ್ಞಾನಿ ಭಾಗೀರಥಿ.

ಎರಡು ದೇಶಗಳು ಕೂಡಿ ಕ್ಷಿಪಣಿ ಮಾಡಲು ಹೊರಟಾಗ, ಯಾರೂ ಏನನ್ನೂ ಮುಚ್ಚಿಡಬಾರದೆಂದು ವಿಜ್ಞಾನಿಗಳ ಕನಸುಗಳನ್ನು ಜೋಡಿಸಿದ್ದರು. ಹಗಲು ಇವಳು ಕಂಡದ್ದು ರಾತ್ರಿ ಆ ದೇಶದ ವಿಜ್ಞಾನಿ ಯಾನೆಕ್‌ನ ಕನಸಿಗೆ, ಅವನು ಕಂಡದ್ದು ಇವಳ ಕನಸಿಗೆ. ಆಮೇಲೆ ದೇಶಗಳು ಹಗೆಯಾದವು. ಜೋಡಿಸಿದ ಕನಸುಗಳನ್ನು ಬೇರ್ಪಡಿಸುವ ದಾರಿಯನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ.

ಪೊನ್ನಪ್ಪ ಮೇಜಿನ ಮೇಲೆ ಉಪಗ್ರಹದ ಚಿತ್ರ ಹರಡಿದರು. "ಯಾನೆಕ್ ಊರು. ನೆಲದಡಿಯ ಲ್ಯಾಬ್ ಎಲ್ಲಿದೆ, ತೋರಿಸಿ."

ಲ್ಯಾಬ್ ಇದ್ದದ್ದು ಅವನ ಮನೆಯ ಕೆಳಗೇ; ಇಲ್ಲಿ ಇವಳ ಮನೆಯ ಕೆಳಗೆ ಇದ್ದಂತೆ.

"ನಾನು ತೋರಿಸಿದ್ದು ರಾತ್ರಿ ಅವರಿಗೆ ಗೊತ್ತಾಗುತ್ತೆ ಸಾರ್."

"ಸಂಜೆಯೊಳಗೆ ನಮ್ಮ ಕ್ಷಿಪಣಿ ಅಲ್ಲಿ ಬೀಳುತ್ತೆ. ಅವರಿಗೆ ರಾತ್ರಿ ಆಗೋದೇ ಇಲ್ಲ ಮೇಡಂ."

ಕನಸಿನ ಉಳಿದರ್ಧವನ್ನು ಅವಳು ಹೇಳಿರಲಿಲ್ಲ. ಯಾನೆಕ್‌ನ ಮುಂದೆಯೂ ಅವನ ಕಡೆಯವರು ಇಂಥದೇ ಚಿತ್ರ ಹರಡಿದ್ದರು. ಅದರಲ್ಲಿ ಇವಳ ತಾರಸಿ, ಬಿಳಿ ಪಂಚೆಯ ಮೇಲೆ ಅತ್ತೆ ಒಣಹಾಕಿದ್ದ ಸಂಡಿಗೆ. ಅವನ ಬೆರಳು ಅದರ ಮೇಲೆ ಬಂದು, ಮುಂದೆ ಸರಿದು ಬತ್ತಿದ ಕೆರೆಯಂಗಳದಲ್ಲಿ ನಿಂತಿತ್ತು.

ಭಾಗೀರಥಿ ಯಾನೆಕ್‌ನ ಮನೆ ದಾಟಿ, ಹಿಮ ಮುಚ್ಚಿದ ಸರೋವರದ ಮೇಲೆ ಬೆರಳಿಟ್ಟಳು. "ಈ ಬಯಲಿನ ಕೆಳಗೆ."

"ಖಾತ್ರೀನಾ?"

"ಎಷ್ಟು ಸಲ ಓಡಾಡಿದೀನಿ ಸಾರ್, ಅಲ್ಲೆಲ್ಲ."

ಪೊನ್ನಪ್ಪ ಫೋನು ಎತ್ತಿಕೊಂಡು ಹೊರಗೆ ಹೋದರು. ಚಹಾ ಆರಿಹೋಗಿತ್ತು. ಇನ್ನು ರಾತ್ರಿ ಕಣ್ಣು ಮುಚ್ಚಿದಾಗ ಕನಸು ಬರಬೇಕು, ಅಷ್ಟೆ. ಬಂದರೆ ಇಬ್ಬರೂ ಉಳಿದಂತೆ.